ಔಷಧ, ರಸವಾದ, ಲ್ಯೂಟ್: ಮೂರನ್ನೂ ಒಂದೇ ಕೈಯಲ್ಲಿ ಹಿಡಿದ ಮಿಲಿಯುಸ್

ಓದುಗರ ಪ್ರಶ್ನೆ: ಹಳೆಯ ಯುರೋಪಿನ ಲ್ಯೂಟ್ ಎಂಬ ತಂತಿವಾದ್ಯದ ಸಂಗೀತ ಕೇಳುವುದು ನನಗೆ ಇಷ್ಟ. ಈಚೆಗೆ ಯೊಹಾನ್ ಡೇನಿಯಲ್ ಮಿಲಿಯುಸ್ ಎಂಬ ಹೆಸರು ಕಣ್ಣಿಗೆ ಬಿತ್ತು. ಲ್ಯೂಟ್ ರಚನಕಾರ ಎಂದಿತ್ತು. ಹುಡುಕಿದರೆ ವೈದ್ಯ ಅಂತಲೂ ಬಂತು, ರಸವಾದಿ ಅಂತಲೂ ಬಂತು. ಮೂವರೂ ಒಬ್ಬನೇನಾ? ಒಬ್ಬನೇ ಆದರೆ ಇಷ್ಟೆಲ್ಲ ಹೇಗೆ ಸಾಧ್ಯವಾಯಿತು? ಅವನ ಸಂಗೀತದಲ್ಲಿ ರಸವಾದದ ಗುಟ್ಟು ಅಡಗಿದೆ ಅನ್ನುವವರಿದ್ದಾರೆ, ಅದು ನಿಜವೇ? ಅಥವಾ ಚಿನ್ನ ಮಾಡಿಕೊಡುತ್ತೇನೆ ಎಂದು ಜನರನ್ನು ನಂಬಿಸಿದ ಮೋಸಗಾರನೇ?

ಉತ್ತರ: ಮೂವರೂ ಒಬ್ಬನೇ. 1622ನೇ ಇಸವಿಯನ್ನು ನೋಡಿದರೆ ಸಾಕು. ಆ ವರ್ಷ ಫ್ರಾಂಕ್‌ಫರ್ಟ್‌ನಲ್ಲಿ ಮಿಲಿಯುಸ್‌ನ ಎರಡು ಪುಸ್ತಕ ಅಚ್ಚಾದವು. ಒಂದು 'ಫಿಲಾಸಫಿಯಾ ರಿಫಾರ್ಮಾಟಾ', ರಸವಾದದ, ಅಂದರೆ ಕೀಳು ಲೋಹವನ್ನು ಚಿನ್ನವಾಗಿಸಲು ಹೊರಟ ವಿದ್ಯೆಯ, ಮೇಲೆ ಬರೆದ ಚಿತ್ರಸಹಿತ ಲ್ಯಾಟಿನ್ ಗ್ರಂಥ. ಇನ್ನೊಂದು 'ಥೆಸಾರಸ್ ಗ್ರಾಟಿಯಾರಂ', ಲ್ಯೂಟ್ ನುಡಿಸುವವರಿಗಾಗಿ ಮಾಡಿದ ಸಂಗೀತದ ಪುಸ್ತಕ. ಅದಕ್ಕೆ ಎರಡು ವರ್ಷ ಮೊದಲು, 1620ರಲ್ಲಿ, ಔಷಧಗಳ ಮೇಲೊಂದು ಪುಸ್ತಕ ಬಂದಿತ್ತು.

ನಿಮ್ಮ ಎರಡನೇ ಪ್ರಶ್ನೆ, 'ಹೇಗೆ ಸಾಧ್ಯವಾಯಿತು' ಅನ್ನುವುದು, ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಇಂಥವರ ಬಗ್ಗೆ ಓದುವಾಗ 'ಮಹಾ ಮೇಧಾವಿ, ಎಲ್ಲ ಬಲ್ಲವ' ಎಂದು ಹೇಳಿ ಮುಗಿಸಿಬಿಡುತ್ತಾರೆ. ಮಿಲಿಯುಸ್ ವಿಷಯದಲ್ಲಿ ಹಾಗೆ ಹೇಳಿದರೆ ತಪ್ಪಾಗುತ್ತದೆ. ಅವನು ಹೊಸ ಸಿದ್ಧಾಂತ ಕಂಡುಹಿಡಿದವನಲ್ಲ. ಸಂಗೀತದಲ್ಲಿ ಹೊಸ ಹಾದಿ ತೆರೆದವನೂ ಅಲ್ಲ. ಅವನದು ಬೇರೆ ಥರದ ಕೆಲಸ. ಚದುರಿ ಹೋಗಿದ್ದನ್ನು ಹುಡುಕಿ, ಆಯ್ದು, ಒಂದು ಕ್ರಮಕ್ಕೆ ತಂದು, ಅಚ್ಚು ಹಾಕಿಸಿ, ಮುಂದಿನವರ ಕೈಗೆ ಕೊಡುವ ಕೆಲಸ. ಔಷಧಕ್ಕೂ ಅದನ್ನೇ ಮಾಡಿದ. ರಸವಾದಕ್ಕೂ ಅದನ್ನೇ. ಲ್ಯೂಟ್‌ಗೂ ಅದನ್ನೇ. ಹಾಗೆ ನೋಡಿದರೆ ಮೂರು ಕಸುಬು ಒಂದೇ ಕಸುಬಾಗಿ ಕಾಣುತ್ತವೆ. ಇದನ್ನು ಸಣ್ಣ ಕೆಲಸ ಅಂದುಕೊಳ್ಳಬೇಡಿ.

ಮೊದಲು ಊರಿನಿಂದ ಶುರು ಮಾಡೋಣ. ಮಿಲಿಯುಸ್ ಹುಟ್ಟಿದ್ದು 1583ರ ಸುಮಾರಿಗೆ, ಇಂದಿನ ಜರ್ಮನಿಯ ಹೆಸ್ಸೆ ಪ್ರಾಂತ್ಯದ ವೆಟರ್ ಎಂಬ ಪುಟ್ಟ ಪಟ್ಟಣದಲ್ಲಿ. ಪುಸ್ತಕಗಳ ಮುಖಪುಟದಲ್ಲಿ ಹೆಸರಿನ ಜೊತೆ 'ವೆಟರ್‌ನವ, ಹೆಸ್ಸೆಯವ' ಎಂದು ಲ್ಯಾಟಿನ್‌ನಲ್ಲಿ ಹಾಕಿಸಿಕೊಳ್ಳುತ್ತಿದ್ದ. ಊರಿನ ಮೇಲಿನ ಆ ಅಭಿಮಾನಕ್ಕೆ ಕಾರಣವೂ ಇತ್ತು. ಅದೇ ಪುಟ್ಟ ಪಟ್ಟಣದಲ್ಲಿ ಅವನಿಗಿಂತ ಸುಮಾರು ಇಪ್ಪತ್ತು ವರ್ಷ ಮೊದಲು ಓಸ್ವಾಲ್ಡ್ ಕ್ರೋಲ್ ಹುಟ್ಟಿದ್ದ. 1609ರಲ್ಲಿ ಬಂದ ಕ್ರೋಲ್‌ನ 'ಬಸಿಲಿಕಾ ಕಿಮಿಕಾ' ಎಂಬ ಪುಸ್ತಕ ಯುರೋಪಿನ ವೈದ್ಯರ ಮೇಜುಗಳ ಮೇಲೆ ದಶಕಗಟ್ಟಲೆ ಕೂತಿತ್ತು. ಲೋಹ, ಖನಿಜಗಳಿಂದ ಔಷಧ ಮಾಡುವ ವಿಧಾನಗಳ ಪುಸ್ತಕ ಅದು.

ವೆಟರ್‌ನಿಂದ ಹತ್ತಿರದಲ್ಲೇ ಮಾರ್ಬುರ್ಗ್. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಮಿಲಿಯುಸ್ ಧರ್ಮಶಾಸ್ತ್ರ ಮತ್ತು ವೈದ್ಯ ಎರಡನ್ನೂ ಓದಿದ. ಆ ಹೊತ್ತಿಗೆ ಮಾರ್ಬುರ್ಗ್‌ನಲ್ಲಿ ಯುರೋಪಿನ ಬೇರೆಲ್ಲೂ ಇಲ್ಲದ ಒಂದು ವ್ಯವಸ್ಥೆ ಶುರುವಾಗಿತ್ತು. 1609ರಲ್ಲಿ ಯೊಹಾನೆಸ್ ಹಾರ್ಟ್‌ಮನ್ ಎಂಬ ಗಣಿತದ ಪ್ರಾಧ್ಯಾಪಕನನ್ನು 'ಕಿಮಿಯಾಟ್ರಿಯಾ'ದ ಪ್ರಾಧ್ಯಾಪಕನಾಗಿ ನೇಮಿಸಿದರು. ಕಿಮಿಯಾಟ್ರಿಯಾ ಅಂದರೆ ಕುಲುಮೆ, ಭಟ್ಟಿಗಳಲ್ಲಿ ತಯಾರಿಸಿದ ಔಷಧಗಳಿಂದ ರೋಗ ವಾಸಿ ಮಾಡುವ ವಿದ್ಯೆ. ವಿಶ್ವವಿದ್ಯಾಲಯವೊಂದರಲ್ಲಿ ಇದಕ್ಕೆಂದೇ ಪ್ರಾಧ್ಯಾಪಕ ಹುದ್ದೆ ಹುಟ್ಟಿದ್ದು ಅದೇ ಮೊದಲು. ಹಾರ್ಟ್‌ಮನ್‌ನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಸುಮ್ಮನೆ ಪಾಠ ಕೇಳಿ ಎದ್ದು ಹೋಗುತ್ತಿರಲಿಲ್ಲ. ತಾವೇ ಬೆಂಕಿ ಹಾಕಿ, ಕುಪ್ಪಿ ಹಿಡಿದು, ಔಷಧ ಇಳಿಸಬೇಕಿತ್ತು. ಅದುವರೆಗೆ ವೈದ್ಯಶಾಸ್ತ್ರ ಓದುವುದೆಂದರೆ ಗ್ಯಾಲೆನ್‌ನಂಥ ಹಳಬರ ಗ್ರಂಥಕ್ಕೆ ವ್ಯಾಖ್ಯಾನ ಕೇಳುವುದು. ಕೈ ಮಸಿಯಾಗುವ ಕೆಲಸವೆಲ್ಲ ಔಷಧ ಅಂಗಡಿಯವನಿಗೆ ಬಿಟ್ಟಿದ್ದು. ಆ ಗೋಡೆ ಮಾರ್ಬುರ್ಗ್‌ನಲ್ಲಿ ಬಿರುಕು ಬಿಟ್ಟಿತು.

ಈ ಹಾರ್ಟ್‌ಮನ್‌ಗೂ ಮಿಲಿಯುಸ್‌ಗೂ ಭಾವ-ಮೈದುನರ ಸಂಬಂಧ. ಗುರು-ಶಿಷ್ಯರೂ ಹೌದು. ಹೀಗೆ ಒಂದು ಕಡೆ ಊರಿನ ಕ್ರೋಲ್, ಇನ್ನೊಂದು ಕಡೆ ಮನೆಯವನೇ ಆದ ಹಾರ್ಟ್‌ಮನ್. ಹಾರ್ಟ್‌ಮನ್ ಕ್ರೋಲ್‌ನ ಪುಸ್ತಕಕ್ಕೆ ಟಿಪ್ಪಣಿ ಬರೆದವನೂ ಹೌದು. ಇಂಥ ಕಡೆ ಬೆಳೆದ ಹುಡುಗ ರಸಾಯನ ವೈದ್ಯದತ್ತ ತಿರುಗಿದ್ದು ಆಶ್ಚರ್ಯವಲ್ಲ ಅಲ್ವಾ?

ಸರಿ, ಸಂಗೀತ ಎಲ್ಲಿಂದ ಬಂತು? ಇದಕ್ಕೆ ಹಾರ್ಟ್‌ಮನ್‌ನನ್ನು ನೇಮಿಸಿದ ದೊರೆಯ ಕಡೆ ನೋಡಬೇಕು. ಅವನೇ ಹೆಸ್ಸೆ-ಕಾಸೆಲ್ ಸಂಸ್ಥಾನದ ಮೊರಿಟ್ಸ್. 1592ರಿಂದ 1627ರವರೆಗೆ ಆಳಿದವನು. ಜನ ಅವನನ್ನು 'ವಿದ್ವಾಂಸ ಮೊರಿಟ್ಸ್' ಎಂದೇ ಕರೆದರು. ಅವನ ಅರಮನೆಯಲ್ಲಿ ಎರಡು ವಿಷಯಕ್ಕೆ ಹಣಕ್ಕೆ ಕೊರತೆ ಇರಲಿಲ್ಲ: ಒಂದು ರಸವಾದ, ಇನ್ನೊಂದು ಸಂಗೀತ.

ಸಂಗೀತದಲ್ಲಿ ಅವನ ಆಸಕ್ತಿ ದೊರೆಗಳ ಶೋಕಿ ಅಲ್ಲ. ಅವನೇ ರಚನೆ ಮಾಡುತ್ತಿದ್ದ. 1610ರಲ್ಲಿ ಲಂಡನ್‌ನಲ್ಲಿ ರಾಬರ್ಟ್ ಡೌಲೆಂಡ್ ಹೊರತಂದ ಲ್ಯೂಟ್ ಸಂಗ್ರಹದಲ್ಲಿ ಮೊರಿಟ್ಸ್‌ನ ಒಂದು ಪವಾನ್ ಇದೆ. ಪವಾನ್ ಎಂದರೆ ನಿಧಾನಗತಿಯ, ಗಂಭೀರವಾದ ನೃತ್ಯ ಸಂಗೀತ. ರಾಬರ್ಟ್‌ನ ತಂದೆ ಜಾನ್ ಡೌಲೆಂಡ್, ಇಂಗ್ಲೆಂಡಿನ ಅತ್ಯಂತ ದೊಡ್ಡ ಲ್ಯೂಟ್ ಕಲಾವಿದ, 1590ರ ದಶಕದಲ್ಲಿ ಮೊರಿಟ್ಸ್‌ನ ಆಸ್ಥಾನಕ್ಕೆ ಬಂದು ಹೋಗಿದ್ದ. ಹೈನ್ರಿಖ್ ಶ್ಯೂಟ್ಸ್‌ನ ಕಥೆ ಇನ್ನೂ ಸ್ವಾರಸ್ಯಕರ. ಮುಂದೆ ಜರ್ಮನಿಯ ಮಹಾನ್ ಸಂಗೀತಗಾರನಾದ ಶ್ಯೂಟ್ಸ್‌ನ ದನಿಯನ್ನು ಬಾಲ್ಯದಲ್ಲೇ ಕೇಳಿ, ಕಾಸೆಲ್‌ಗೆ ಕರೆಸಿಕೊಂಡು ಓದಿಸಿದ್ದು ಇದೇ ದೊರೆ. ಶ್ಯೂಟ್ಸ್ ಕಾನೂನು ಓದಲು ಮಾರ್ಬುರ್ಗ್‌ಗೆ ಸೇರಿದ. ಮೊರಿಟ್ಸ್ ಅವನಿಗೆ ಹಣ ಕೊಟ್ಟು 1609ರಲ್ಲಿ ವೆನಿಸ್‌ಗೆ, ಜೊವಾನಿ ಗಾಬ್ರಿಯೇಲಿಯ ಬಳಿ ಸಂಗೀತ ಕಲಿಯಲು ಕಳಿಸಿದ.

ವರ್ಷ ಗಮನಿಸಿ. 1609. ಅದೇ ದೊರೆ, ಅದೇ ವರ್ಷ, ಅದೇ ವಿಶ್ವವಿದ್ಯಾಲಯ. ಒಬ್ಬನನ್ನು ರಸಾಯನ ವೈದ್ಯದ ಪ್ರಾಧ್ಯಾಪಕ ಮಾಡಿದ, ಇನ್ನೊಬ್ಬನನ್ನು ಸಂಗೀತ ಕಲಿಯಲು ವೆನಿಸ್‌ಗೆ ಕಳಿಸಿದ. ಇಂಥ ದೊರೆಯ ನಾಡಿನಲ್ಲಿ, ಅವನ ಆಶ್ರಯದಲ್ಲಿ ಬೆಳೆದವನು ಮಿಲಿಯುಸ್. ಕುಲುಮೆಯೂ ಲ್ಯೂಟೂ ಬೇರೆ ಬೇರೆ ಲೋಕದವು ಎಂದು ಅವನಿಗೆ ಅನ್ನಿಸಿರಲು ಕಾರಣವೇ ಇಲ್ಲ.

ವೈದ್ಯರು ಲ್ಯೂಟ್ ಹಿಡಿಯುವುದು ಆ ಕಾಲದಲ್ಲಿ ಅಪರೂಪವೂ ಅಲ್ಲ. ಇಂಗ್ಲೆಂಡಿನ ಥಾಮಸ್ ಕ್ಯಾಂಪಿಯನ್ 1605ರಲ್ಲಿ ಫ್ರಾನ್ಸಿನ ಕಾನ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದವನು. ಲ್ಯೂಟ್ ಜೊತೆ ಹಾಡುವ ಗೀತೆಗಳನ್ನು ಪದ್ಯ, ಸ್ವರ ಎರಡನ್ನೂ ಸೇರಿಸಿ ತಾನೇ ಕಟ್ಟಿದವನು. ಫ್ರಾನ್ಸಿನ ಕಡೆಯ ಬೆಸಾನ್ಸೋನ್‌ನ ಜಾನ್-ಬಾಪ್ಟಿಸ್ಟ್ ಬೆಸಾರ್ ಮಿಲಿಯುಸ್‌ಗೆ ಇನ್ನೂ ಹತ್ತಿರದವನು. ಕಾನೂನಿನಲ್ಲಿ ಡಾಕ್ಟರೇಟ್, ರೋಮ್‌ನಲ್ಲಿ ಲ್ಯೂಟ್ ಕಲಿಕೆ, ಆಮೇಲೆ ವೈದ್ಯದ ಕಡೆಗೆ ಒಲವು. 1603ರಲ್ಲಿ ಕಲೋನ್‌ನಿಂದ ಅವನ 'ಥೆಸಾರಸ್ ಹಾರ್ಮೋನಿಕಸ್' ಬಂತು. ನಾನೂರಕ್ಕೂ ಹೆಚ್ಚು ಲ್ಯೂಟ್ ರಚನೆಗಳ ದೊಡ್ಡ ಸಂಗ್ರಹ ಅದು. 1617ರಲ್ಲಿ ಅವನದೇ ವೈದ್ಯದ ಪುಸ್ತಕವೊಂದೂ ಬಂತು. ಮಿಲಿಯುಸ್ ತನ್ನ ಲ್ಯೂಟ್ ಪುಸ್ತಕಕ್ಕೆ 'ಥೆಸಾರಸ್', ಅಂದರೆ ಭಂಡಾರ, ಎಂದು ಹೆಸರಿಟ್ಟಾಗ ಬೆಸಾರ್‌ನ ಪುಸ್ತಕ ಅದಾಗಲೇ ಹತ್ತೊಂಬತ್ತು ವರ್ಷ ಹಳೆಯದು.

ಈಗ ಆ ಭಂಡಾರದೊಳಗೆ ಏನಿದೆ ನೋಡೋಣ. ನಿಮಗೆ ಲ್ಯೂಟ್ ಪರಿಚಯ ಇದೆ, ಆದರೂ ಬೇರೆ ಓದುಗರಿಗಾಗಿ ಎರಡು ಮಾತು. ಅರಬರ ಊದ್ ವಾದ್ಯದ ವಂಶದ್ದು ಲ್ಯೂಟ್. ಹೊಟ್ಟೆ ಅರ್ಧ ಸೀಳಿದ ಪಿಯರ್ ಹಣ್ಣಿನ ಆಕಾರ. ಕುರಿಯ ಕರುಳಿನಿಂದ ಮಾಡಿದ ತಂತಿಗಳು, ಹೆಚ್ಚಿನವು ಜೋಡಿ ಜೋಡಿಯಾಗಿ. ಮೆಟ್ಟುಗಳೂ ಕರುಳಿನವೇ, ಕುತ್ತಿಗೆಗೆ ಸುತ್ತಿ ಕಟ್ಟಿರುತ್ತಾರೆ. ಬಲಗೈ ಬೆರಳ ತುದಿಯಿಂದ ಮೀಟುವುದು. ದನಿ ಬಹಳ ಮೆದು, ಬೇಗ ಆರಿಹೋಗುತ್ತದೆ. ಹಾಗಾಗಿ ದೊಡ್ಡ ಸಭೆಯ ವಾದ್ಯ ಅಲ್ಲ, ಕೋಣೆಯೊಳಗಿನ ವಾದ್ಯ.

ಅದರ ಸಂಗೀತವನ್ನು ಬರೆಯುವ ಕ್ರಮಕ್ಕೆ ಟ್ಯಾಬ್ಲೇಚರ್ ಎನ್ನುತ್ತಾರೆ. ನಮ್ಮ ಸ್ವರಲಿಪಿ ಯಾವ ಸ್ವರ ಎಂದು ಹೇಳುತ್ತದೆ, ಅದನ್ನು ವೀಣೆಯ ಯಾವ ಮೆಟ್ಟಿನಲ್ಲಿ ಹಿಡಿಯಬೇಕು ಎನ್ನುವುದು ನುಡಿಸುವವರಿಗೆ ಬಿಟ್ಟಿದ್ದು. ಟ್ಯಾಬ್ಲೇಚರ್ ತದ್ವಿರುದ್ಧ. ಸ್ವರದ ಹೆಸರು ಹೇಳುವುದಿಲ್ಲ, ಬೆರಳು ಎಲ್ಲಿಡಬೇಕು ಎನ್ನುವುದನ್ನಷ್ಟೇ ಹೇಳುತ್ತದೆ. ಫ್ರೆಂಚ್ ಪದ್ಧತಿಯಲ್ಲಿ ಆರು ಗೆರೆಗಳು, ಒಂದೊಂದು ಗೆರೆ ಒಂದೊಂದು ತಂತಿಗೆ. ಅದರ ಮೇಲೆ ಲ್ಯಾಟಿನ್ ಅಕ್ಷರಗಳು. 'ಎ' ಎಂದರೆ ಬೆರಳಿಡದ ತಂತಿ, 'ಬಿ' ಎಂದರೆ ಮೊದಲ ಮೆಟ್ಟು, 'ಸಿ' ಎಂದರೆ ಎರಡನೆಯದು, ಹೀಗೆ. ಗೆರೆಗಳ ಮೇಲ್ಗಡೆ ಕಾಲದ ಗುರುತು. ಇದರ ದೊಡ್ಡ ಅನುಕೂಲ ಎಂದರೆ ಸಂಗೀತ ಶಾಸ್ತ್ರ ಓದದವರೂ ಮನೆಯಲ್ಲಿ ಕೂತು ನುಡಿಸಬಹುದು. ವಿದ್ಯಾರ್ಥಿಗಳು, ವ್ಯಾಪಾರಿಗಳು, ವೈದ್ಯರು ಎಲ್ಲರೂ ಇಂಥ ಪುಸ್ತಕ ಕೊಳ್ಳುತ್ತಿದ್ದುದು ಇದಕ್ಕೇ.

ಮಿಲಿಯುಸ್‌ನ ಪುಸ್ತಕ ಅಂಥವರಿಗಾಗಿಯೇ. ಆರಂಭಕ್ಕೆ ಕೈ ಪಳಗಿಸುವ ಪೀಠಿಕೆಗಳು, ಬೆರಳಿನ ಚುರುಕು ತೋರಿಸುವ ಟೊಕಾಟಾಗಳು, ಒಂದು ದನಿಯ ರಾಗವನ್ನು ಇನ್ನೊಂದು ದನಿ ಹಿಂಬಾಲಿಸುವ ಫ್ಯೂಗ್‌ಗಳು. ಆಮೇಲೆ ಪವಾನ್, ಗ್ಯಾಲಿಯರ್ಡ್, ಕೊರಾಂಟ್ ಮೊದಲಾದ ನೃತ್ಯಗಳು. ಮುಖಪುಟದಲ್ಲೇ ಅವನು ಬಿಚ್ಚಿ ಹೇಳಿದ್ದಾನೆ: ಇವು 'ಬೇರೆ ಬೇರೆ ರಚನಕಾರರ' ಆಯ್ದ ಕೃತಿಗಳು. ಅಂದರೆ ಇದು ಮುಖ್ಯವಾಗಿ ಸಂಕಲನ. 'ಲ್ಯೂಟ್ ರಚನಕಾರ' ಎಂದು ಈಗ ಅವನಿಗೆ ಹಚ್ಚುವ ಪಟ್ಟವನ್ನು ನಾನು ಸ್ವಲ್ಪ ಸಡಿಲವಾಗಿ ತೆಗೆದುಕೊಳ್ಳುತ್ತೇನೆ. 'ಲ್ಯೂಟ್ ಬಲ್ಲ ಸಂಪಾದಕ' ಎನ್ನುವುದು ಹೆಚ್ಚು ಸರಿ.

ಸಂಪಾದಕ ಎಂದರೆ ಕಡಿಮೆಯಾಯಿತು ಅಂತ ಅಲ್ಲ. ಆಗಿನ ಲ್ಯೂಟ್ ಸಂಗೀತ ಬಹುಪಾಲು ಕೈಬರಹದ ಪುಸ್ತಕಗಳಲ್ಲಿ, ಒಬ್ಬರಿಂದ ಒಬ್ಬರಿಗೆ ನಕಲಾಗುತ್ತ ಓಡಾಡುತ್ತಿತ್ತು. ಯಾವುದು ಚೆನ್ನಾಗಿದೆ, ಯಾವುದು ಯಾವುದರ ನಂತರ ಬರಬೇಕು, ತಪ್ಪಾಗಿ ನಕಲಾದ ಅಕ್ಷರ ಯಾವುದು ಎಂದು ಗುರುತಿಸಲು ಕೈಯಲ್ಲಿ ವಾದ್ಯ ಇದ್ದವನೇ ಬೇಕು. ಜೊತೆಗೆ ಅದು ಬಂದ ಸಮಯವೂ ಮುಖ್ಯ. 1620ರ ದಶಕದಿಂದ ಫ್ರಾನ್ಸಿನ ಕಲಾವಿದರು ಲ್ಯೂಟ್‌ನ ಶ್ರುತಿಯನ್ನೇ ಬದಲಿಸತೊಡಗಿದರು. ಹೊಸ ಶ್ರುತಿಗಳು ಬಂದ ಮೇಲೆ ನೂರು ವರ್ಷದಿಂದ ಬಂದ ಹಳೆಯ ಶ್ರುತಿಯ ಸಂಗೀತ ನಿಧಾನವಾಗಿ ಮೂಲೆಗೆ ಸೇರಿತು. ಮಿಲಿಯುಸ್‌ನ ಸಂಕಲನ ಆ ಹಳೆಯ ಕಾಲದ ಕೊನೆಕೊನೆಯ ದೊಡ್ಡ ಮುದ್ರಿತ ಸಂಗ್ರಹಗಳಲ್ಲಿ ಒಂದು. ಬೆಸಾರ್, ಮಿಲಿಯುಸ್ ಥರದವರು ಅಚ್ಚು ಹಾಕಿಸದಿದ್ದರೆ ಎಷ್ಟೋ ರಚನೆಗಳು ಕೈಬರಹದ ಜೊತೆಗೇ ಮಣ್ಣಾಗುತ್ತಿದ್ದವು.

ಈಗ ನಿಮ್ಮ ಗುಟ್ಟಿನ ಪ್ರಶ್ನೆಗೆ ಬರುತ್ತೇನೆ. ಮಿಲಿಯುಸ್‌ನ ಲ್ಯೂಟ್ ಪುಸ್ತಕದಲ್ಲಿ ರಸವಾದದ ಗುಟ್ಟು ಇಲ್ಲ. ಬೇರೆ ಬೇರೆ ಜನ ಕುಣಿತಕ್ಕೆಂದು ಕಟ್ಟಿದ ರಾಗಗಳವು, ನುಡಿಸಲಿ ಎಂದು ಆಯ್ದವು. ಈ ಗೊಂದಲ ಎಲ್ಲಿಂದ ಬಂತೆಂದು ನನಗೆ ಚೆನ್ನಾಗಿ ಗೊತ್ತಾಗುತ್ತದೆ. ಮಿಲಿಯುಸ್‌ನನ್ನು ಇನ್ನೊಬ್ಬ ವೈದ್ಯ-ರಸವಾದಿಯ ಜೊತೆ ಕಲಸಿಬಿಡುತ್ತಾರೆ. ಅವನು ಮಿಖಾಯೆಲ್ ಮೈಯರ್.

ಮೈಯರ್ ಉತ್ತರ ಜರ್ಮನಿಯ ಹೋಲ್‌ಸ್ಟೈನ್ ಕಡೆಯವನು. 1568ರಲ್ಲಿ ಹುಟ್ಟಿ, 1596ರಲ್ಲಿ ಬಾಸೆಲ್‌ನಲ್ಲಿ ವೈದ್ಯ ಪದವಿ ಪಡೆದು, ಪ್ರಾಗ್‌ಗೆ ಹೋಗಿ 1609ರಲ್ಲಿ ಚಕ್ರವರ್ತಿ ಎರಡನೇ ರುಡಾಲ್ಫ್‌ನ ವೈದ್ಯನಾದ. ಅಲ್ಲಿಂದ ಇಂಗ್ಲೆಂಡ್. ಕೊನೆಗೆ ಇದೇ ನಮ್ಮ ಮೊರಿಟ್ಸ್‌ನ ಸೇವೆಗೆ ಬಂದ. 1617ರಲ್ಲಿ ಅವನ 'ಅಟಲಾಂಟಾ ಫ್ಯೂಜಿಯೆನ್ಸ್' ಬಂತು. ಅದರಲ್ಲಿ 50 ಸಂಕೇತ ಚಿತ್ರಗಳು, ಪ್ರತಿ ಚಿತ್ರಕ್ಕೂ ಒಂದು ಪದ್ಯ, ಒಂದು ವ್ಯಾಖ್ಯಾನ, ಒಂದು ಮೂರು ದನಿಯ ಫ್ಯೂಗ್. ಗ್ರೀಕರ ಕಥೆಯಲ್ಲಿ ಓಟದ ರಾಣಿ ಅಟಲಾಂಟಾ ಓಡುತ್ತಾಳೆ, ಹಿಪ್ಪೋಮಿನಿಸ್ ಬೆನ್ನಟ್ಟುತ್ತಾನೆ, ಚಿನ್ನದ ಸೇಬು ಉರುಳಿಸಿ ಅವಳನ್ನು ತಡೆಯುತ್ತಾನೆ. ಮೈಯರ್ ಮೂರು ದನಿಗಳಿಗೂ ಇದನ್ನೇ ಹಂಚಿದ. ಒಂದು ದನಿ ಓಡುತ್ತದೆ, ಒಂದು ಹಿಂಬಾಲಿಸುತ್ತದೆ, ಒಂದು ತಡೆಯುತ್ತದೆ. ಇಲ್ಲಿ ಸಂಗೀತಕ್ಕೂ ರಸವಾದಕ್ಕೂ ನಂಟು ಇರುವುದು ನಿಜ, ಬೇಕೆಂದೇ ಕಟ್ಟಿದ ನಂಟು. ಆದರೆ ಅವು ಹಾಡಲು ಬರೆದವು, ಲ್ಯೂಟ್‌ಗೆ ಅಲ್ಲ.

ಇಲ್ಲೂ ಒಂದು ವಿಷಯ ಇದೆ, ಅದು ನನ್ನ ಮಾತಿಗೆ ಬಲ ಕೊಡುತ್ತದೆ. ಮೈಯರ್‌ನ 50 ಫ್ಯೂಗ್‌ಗಳಲ್ಲಿ 40 ಅವನ ಸ್ವಂತದವಲ್ಲ ಎಂದು ಈಚಿನ ವರ್ಷಗಳಲ್ಲಿ ಸಂಗೀತ ಸಂಶೋಧಕರು ತೋರಿಸಿಕೊಟ್ಟರು. 1591ರಲ್ಲಿ ಲಂಡನ್‌ನಲ್ಲಿ ಜಾನ್ ಫಾರ್ಮರ್ ಎಂಬ ಸಂಗೀತಗಾರ ಅಚ್ಚು ಹಾಕಿಸಿದ್ದ ಪುಸ್ತಕದಿಂದ ತೆಗೆದುಕೊಂಡವು ಅವು. ಕೇಳಿದವರು ಕೆಲವರು 'ಕದ್ದ' ಎಂದರು. ನನಗೆ ಹಾಗನ್ನಿಸುವುದಿಲ್ಲ. ಒಳ್ಳೆಯದು ಎಲ್ಲಿದ್ದರೂ ತಂದು, ಹೊಸ ಜಾಗದಲ್ಲಿಟ್ಟು, ಹೊಸ ಅರ್ಥ ಬರುವಂತೆ ಮಾಡುವುದು ಆ ಕಾಲದ ವಿದ್ವಾಂಸರಿಗೆ ಗೌರವದ ಕೆಲಸವೇ ಆಗಿತ್ತು. ಎಲ್ಲ ತಾನೇ ಹೊಸದಾಗಿ ಸೃಷ್ಟಿಸಬೇಕು ಎನ್ನುವುದು ಆಮೇಲಿನ ಕಾಲದ ಆಸೆ.

ಇದೇ ಕಣ್ಣಿನಿಂದ ಮಿಲಿಯುಸ್‌ನ ರಸವಾದದ ಪುಸ್ತಕಗಳನ್ನು ನೋಡಿ. 1618ರಲ್ಲಿ ಫ್ರಾಂಕ್‌ಫರ್ಟ್‌ನ ಲುಕಾಸ್ ಯೆನ್ನಿಸ್ ಎಂಬ ಮುದ್ರಕ-ಪ್ರಕಾಶಕ ಅವನ 'ಓಪಸ್ ಮೆಡಿಕೋ-ಕಿಮಿಕಂ' ತಂದ. ದೊಡ್ಡ ಗ್ರಂಥ, ಮೂರು ಭಾಗ: ಒಂದು ವೈದ್ಯಕ್ಕೆ, ಒಂದು ರಸಾಯನಕ್ಕೆ, ಒಂದು ತತ್ತ್ವಕ್ಕೆ. ಮೂರಕ್ಕೂ 'ಬಸಿಲಿಕಾ' ಎಂದೇ ಹೆಸರು. ಊರಿನ ಹಿರಿಯ ಕ್ರೋಲ್‌ನ ಪುಸ್ತಕದ ಹೆಸರು ನಿಮಗೆ ನೆನಪಿರಬೇಕು. ಆ ನೆರಳು ಇಲ್ಲಿ ಸ್ಪಷ್ಟ. ತತ್ತ್ವದ ಭಾಗದಲ್ಲಿ ಹಳೆಯ ರಸವಾದಿಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಎಂಬಂತೆ ದುಂಡನೆಯ ಪುಟ್ಟ ಮುದ್ರೆಗಳ ಸಾಲುಗಳಿವೆ. ಈಜಿಪ್ಟಿನ ಹರ್ಮಿಸ್‌ನಿಂದ ಹಿಡಿದು ಅರಬರು, ಗ್ರೀಕರು, ತನ್ನ ಕಾಲದವರು ತನಕ. ಸಾವಿರ ವರ್ಷಗಳ ಪರಂಪರೆಗೆ ಮಾಡಿದ ಚಿತ್ರಗಳ ಪಟ್ಟಿ ಇದು ಎನ್ನಬಹುದು.

ಈ ಗ್ರಂಥದ ಜೊತೆ ಬಂದ ಒಂದು ದೊಡ್ಡ ಚಿತ್ರವನ್ನು ನೀವು ಬಹುಶಃ ಎಲ್ಲೋ ನೋಡಿರುತ್ತೀರಿ, ಯಾರದೆಂದು ಗೊತ್ತಿಲ್ಲದೆಯೇ. ತಾಮ್ರದ ಫಲಕದಲ್ಲಿ ಕೊರೆದವನು ಮಥೆಯುಸ್ ಮೆರಿಯನ್. ಮೈಯರ್‌ನ ಅಟಲಾಂಟಾ ಚಿತ್ರಗಳ ಹಿಂದೆಯೂ ಅವನದೇ ಕೈ. ಮೇಲ್ಗಡೆ ದೇವಲೋಕ, ಕುರಿಮರಿ, ಪಾರಿವಾಳ, ದೇವದೂತರ ಸಾಲು. ಕೆಳಗೆ ಎಡಕ್ಕೆ ಹಗಲು, ಬಲಕ್ಕೆ ರಾತ್ರಿ. ಹಗಲಿನ ಕಡೆ ಸೂರ್ಯನ ಜೊತೆ ಗಂಡಸು, ರಾತ್ರಿಯ ಕಡೆ ಚಂದ್ರನ ಜೊತೆ ಹೆಂಗಸು. ಇಬ್ಬರ ಕೈಗೂ ಸರಪಳಿ, ಅದರ ತುದಿ ಮೇಲಿನ ಲೋಕಕ್ಕೆ ಸೇರಿದೆ. ಮಧ್ಯದ ಗುಡ್ಡದಲ್ಲಿ ಲೋಹ, ಗ್ರಹಗಳ ಗುರುತಿರುವ ಮರಗಳು. ಅಲ್ಲಿ ನಕ್ಷತ್ರಗಳ ಅಂಗಿ ತೊಟ್ಟ ರಸವಾದಿ, ಎರಡು ಕೈಯಲ್ಲಿ ಎರಡು ಕೊಡಲಿ ಹಿಡಿದು, ಎರಡು ಮೈ ಒಂದು ತಲೆಯ ಸಿಂಹದ ಮೇಲೆ ನಿಂತಿದ್ದಾನೆ. ನಡುವಿನ ಬಳೆಗಳಲ್ಲಿ ಕಾಗೆ, ಹಂಸ, ಪೆಲಿಕನ್, ಫೀನಿಕ್ಸ್. ಇವು ಕುಪ್ಪಿಯೊಳಗೆ ವಸ್ತು ಕಪ್ಪಾಗಿ, ಬೆಳ್ಳಗಾಗಿ, ಕೆಂಪಾಗಿ ಬದಲಾಗುವ ಹಂತಗಳ ಗುರುತು. ಕಾಗೆ ಎಂದರೆ ಕಪ್ಪು, ಹಂಸ ಎಂದರೆ ಬಿಳಿ. ಕುಲುಮೆಯ ಮುಂದೆ ಕೂತವನಿಗೆ ಇದು ಕವಿತೆಯೂ ಹೌದು, ಕೆಲಸದ ಗುರುತೂ ಹೌದು.

'ಫಿಲಾಸಫಿಯಾ ರಿಫಾರ್ಮಾಟಾ'ದಲ್ಲೂ ಅದೇ ಹಾದಿ. ಅದರ ಚಿತ್ರಗಳ ಒಂದು ಸರಣಿ, 1550ರಲ್ಲಿ ಅದೇ ಫ್ರಾಂಕ್‌ಫರ್ಟ್‌ನಲ್ಲಿ ಅಚ್ಚಾಗಿದ್ದ 'ರೋಸಾರಿಯಂ' ಎಂಬ ರಸವಾದ ಗ್ರಂಥದ ಒರಟು ಮರದಚ್ಚಿನ ಚಿತ್ರಗಳನ್ನೇ ಹೊಸದಾಗಿ, ನಾಜೂಕಾಗಿ ತಾಮ್ರದಲ್ಲಿ ಕೊರೆದದ್ದು. ರಾಜ ರಾಣಿ ಸೇರುವುದು, ಸಾಯುವುದು, ಮತ್ತೆ ಏಳುವುದು. ಈ ಚಿತ್ರಗಳು ಮಿಲಿಯುಸ್‌ನಲ್ಲೇ ನಿಲ್ಲಲಿಲ್ಲ. ಬೊಹೀಮಿಯಾದ ಡೇನಿಯಲ್ ಸ್ಟೋಲ್ಸಿಯುಸ್ ಎಂಬ ವೈದ್ಯ ಯುದ್ಧಕ್ಕೆ ಸಿಕ್ಕಿ ದೇಶ ಬಿಟ್ಟು ಅಲೆಯುತ್ತಿದ್ದ. ಯೆನ್ನಿಸ್ ತನ್ನಲ್ಲಿದ್ದ ತಾಮ್ರದ ಫಲಕಗಳನ್ನು ಅವನಿಗೆ ತೋರಿಸಿದ. ಮೈಯರ್, ಮಿಲಿಯುಸ್ ಪುಸ್ತಕಗಳ ಆ ಚಿತ್ರಗಳಿಗೆ ಸ್ಟೋಲ್ಸಿಯುಸ್ ಲ್ಯಾಟಿನ್ ಪದ್ಯ ಬರೆದ. 1624ರಲ್ಲಿ ಒಂದು ಪುಸ್ತಕ ಬಂತು. 1627ರಲ್ಲಿ ಮಿಲಿಯುಸ್‌ನ ಆ ದುಂಡನೆಯ 160 ಮುದ್ರೆಗಳಿಗೆ ಪದ್ಯ ಕಟ್ಟಿದ ಇನ್ನೊಂದು ಬಂತು. ಇಪ್ಪತ್ತನೇ ಶತಮಾನದಲ್ಲಿ ಮನೋವಿಜ್ಞಾನಿ ಕಾರ್ಲ್ ಯುಂಗ್ ರಸವಾದದ ಬಗ್ಗೆ ಬರೆದಾಗಲೂ ಮಿಲಿಯುಸ್‌ನ ಚಿತ್ರಗಳನ್ನು ಬಳಸಿದ. ಇಂದು ನೀವು ರಸವಾದದ ಚಿತ್ರ ಎಂದು ಹುಡುಕಿದರೆ ಸಿಗುವುದರಲ್ಲಿ ಎಷ್ಟೋ ಈ ಒಂದೇ ಗುಂಪಿನ ಪುಸ್ತಕಗಳವು.

ನಿಮ್ಮ ಕೊನೆಯ ಪ್ರಶ್ನೆ: ಆತ ಮೋಸಗಾರನೇ? ಚಿನ್ನ ಮಾಡಿಕೊಡುತ್ತೇನೆ ಎಂದು ದೊರೆಗಳ ಬೊಕ್ಕಸ ಬರಿದು ಮಾಡಿದವರು ಆ ಕಾಲದಲ್ಲಿ ಇದ್ದರು, ಕೆಲವರು ಗಲ್ಲಿಗೂ ಏರಿದರು. ಮಿಲಿಯುಸ್ ಆ ಸಾಲಿನವನಲ್ಲ. ಲೋಹ ಬದಲಾಗುತ್ತದೆ ಎಂದು ಅವನು ನಂಬಿದ್ದ, ಆಗ ಓದಿದವರು ಬಹಳ ಮಂದಿ ನಂಬಿದ್ದರು. ಆದರೆ ಅವನ ಗಮನ ಔಷಧದ ಮೇಲಿತ್ತು. 1628ರ ಅವನ 'ಅನಾಟಮಿಯಾ ಆವ್ರಿ', ಅಂದರೆ ಚಿನ್ನದ ಅಂಗರಚನೆ, ಚಿನ್ನವನ್ನು ಔಷಧವಾಗಿಯೂ ನೋಡುವ ಪುಸ್ತಕ. ರಸಾಯನ ವೈದ್ಯಕ್ಕೆ ದಾರಿ ತೋರಿದ ಹದಿನಾರನೇ ಶತಮಾನದ ವೈದ್ಯ ಪ್ಯಾರಸೆಲ್ಸಸ್‌ನ ಅನುಯಾಯಿಗಳಿಗೆ ಕುಡಿಯುವ ಚಿನ್ನ ಎಂಬ ಔಷಧ ದೊಡ್ಡ ಕನಸಾಗಿತ್ತು. ಎಂದಿಗೂ ಕೆಡದ ಲೋಹವನ್ನು ದ್ರವ ಮಾಡಿ ಕೊಟ್ಟರೆ ಮೈಯೂ ಕೆಡದೆ ಉಳಿಯುತ್ತದೆ ಎನ್ನುವುದು ಅವರ ಲೆಕ್ಕ. ಎಲ್ಲ ವಸ್ತುವಿನಲ್ಲೂ ಉಪ್ಪು, ಗಂಧಕ, ಪಾದರಸ ಎಂಬ ಮೂರು ಮೂಲಗಳಿವೆ, ಬೆಂಕಿಯಿಂದ ಅವನ್ನು ಬಿಡಿಸಿ, ಶುದ್ಧ ಮಾಡಿ, ಮತ್ತೆ ಸೇರಿಸಿದರೆ ವಿಷವೂ ಔಷಧವಾಗುತ್ತದೆ ಎಂದು ಅವರು ನಂಬಿದ್ದರು.

ಈ ಔಷಧಗಳನ್ನು ಹೊಗಳಿ ಬಿಟ್ಟುಬಿಡಲು ನನ್ನಿಂದಾಗದು. ಪಾದರಸ, ಆಂಟಿಮನಿ ಎಂಬ ಲೋಹದಂಥ ವಸ್ತು, ಇವುಗಳಿಂದ ಮಾಡಿದವು ರೋಗಿಗಳಿಗೆ ಭಾರೀ ವಾಂತಿ, ಭೇದಿ ಬರಿಸುತ್ತಿದ್ದವು. ಒಳಗಿನ ಕೆಟ್ಟದ್ದು ಹೊರಬಿತ್ತು ಎಂದು ವೈದ್ಯರು ಸಮಾಧಾನಪಟ್ಟರು, ರೋಗಿಗಳಲ್ಲಿ ಎಷ್ಟೋ ಮಂದಿ ನರಳಿದರು. ಪ್ಯಾರಿಸ್‌ನ ವೈದ್ಯ ವಿದ್ಯಾಪೀಠ 1566ರಲ್ಲಿ ಆಂಟಿಮನಿಯನ್ನು ವಿಷ ಎಂದು ಸಾರಿತ್ತು, ಸರಿಯಾಗಿ ನೂರು ವರ್ಷ ಕಳೆದು 1666ರಲ್ಲಿ ಔಷಧ ಎಂದು ಒಪ್ಪಿತು. ನಡುವಿನ ಜಗಳ ಸಣ್ಣದಲ್ಲ. ಕ್ರೋಲ್ ವಿವರಿಸಿದ ಚಿನ್ನದ ಒಂದು ಪುಡಿ ಬಿಸಿ ತಾಗಿದರೆ ಸಿಡಿಯುತ್ತಿತ್ತು, ಅದನ್ನೂ ಔಷಧವಾಗಿ ಬಳಸಿದರು. ಆದರೆ ಇದೇ ಕೆಲಸದಲ್ಲಿ ಕೈ ಸುಟ್ಟುಕೊಂಡವರಿಂದಲೇ ಭಟ್ಟಿ ಇಳಿಸುವ, ಲವಣ ಹರಳುಗಟ್ಟಿಸುವ, ತೂಕ ಹಾಕಿ ಬರೆದಿಡುವ ಅಭ್ಯಾಸ ವಿಶ್ವವಿದ್ಯಾಲಯದೊಳಕ್ಕೆ ಬಂತು. ರಸಾಯನಶಾಸ್ತ್ರದ ಪ್ರಯೋಗಶಾಲೆಗೆ ಮಾರ್ಬುರ್ಗ್‌ನ ಆ ಕೋಣೆ ಹಿರಿಯಜ್ಜಿ. ಎರಡೂ ಮಾತು ನಿಜ, ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡಬಾರದು.

ಆ ಲೋಕ ಹೆಚ್ಚು ದಿನ ಉಳಿಯಲಿಲ್ಲ. ಮಿಲಿಯುಸ್‌ನ ಮೊದಲ ದೊಡ್ಡ ಗ್ರಂಥ ಬಂದ 1618ರಲ್ಲೇ ಮೂವತ್ತು ವರ್ಷಗಳ ಯುದ್ಧ ಶುರುವಾಯಿತು. ಹಾರ್ಟ್‌ಮನ್ ಮಾರ್ಬುರ್ಗ್ ಬಿಟ್ಟು ಕಾಸೆಲ್ ಸೇರಿದ, 1631ರಲ್ಲಿ ಅಲ್ಲೇ ತೀರಿಕೊಂಡ. ಮೈಯರ್ 1622ರಲ್ಲಿ ಮಾಗ್ಡೆಬುರ್ಗ್‌ನಲ್ಲಿ ಸತ್ತ. ಮಾರ್ಬುರ್ಗ್ ಪಟ್ಟಣ ಮೊರಿಟ್ಸ್‌ನ ಕೈತಪ್ಪಿ ಎದುರಾಳಿ ಕುಟುಂಬದ ಪಾಲಾಯಿತು. ಸಾಲ, ಸೋಲುಗಳ ನಡುವೆ 1627ರಲ್ಲಿ ಅವನು ಪಟ್ಟ ಬಿಟ್ಟುಕೊಟ್ಟ. ಶ್ಯೂಟ್ಸ್ ಅದಕ್ಕೂ ಮೊದಲೇ ಡ್ರೆಸ್‌ಡೆನ್ ಪಾಲಾಗಿದ್ದ.

ನೀವು ಲ್ಯೂಟ್ ಕೇಳುವವರಾದ್ದರಿಂದ ಒಂದು ಸಲಹೆ. ಮಿಲಿಯುಸ್ ಹೆಸರಿನಲ್ಲಿ ಸಿಗುವ ರಚನೆಯನ್ನು ಕೇಳುವಾಗ ಅದು ಅವನದೇ, ಅಥವಾ ಅವನ ಸಂಗ್ರಹದಲ್ಲಿ ಉಳಿದ ಬೇರೆಯವರದೇ ಎಂದು ವಿವರಣೆಯಲ್ಲಿ ನೋಡಿಕೊಳ್ಳಿ. ಅದರ ಪಕ್ಕದಲ್ಲೇ ಬೆಸಾರ್‌ನ 1603ರ ಸಂಗ್ರಹದ ಒಂದೆರಡು, ಮೊರಿಟ್ಸ್ ದೊರೆಯ ಪವಾನ್, ಜಾನ್ ಡೌಲೆಂಡ್‌ನ ಒಂದೆರಡು ಕೇಳಿ. ಪವಾನ್‌ಗಳಿಂದ ಶುರು ಮಾಡಿದರೆ ಒಳ್ಳೆಯದು. ಅವು ನಿಧಾನ, ಒಂದೊಂದು ದನಿಯನ್ನೂ ಬಿಡಿಸಿ ಕೇಳಲು ಸಮಯ ಕೊಡುತ್ತವೆ. ಮೈಯರ್‌ನ ಫ್ಯೂಗ್‌ಗಳನ್ನು ಕೇಳುವುದಾದರೆ ಚಿತ್ರವನ್ನು ಎದುರಿಗೆ ಇಟ್ಟುಕೊಂಡೇ ಕೇಳಿ, ಅವನು ಅವನ್ನು ಮಾಡಿದ್ದೇ ಹಾಗೆ ಕೇಳಲಿ ಎಂದು.